ಮಿಸ್ಸಿಸಿಪ್ಪಿಯ ಬಾತುಗಳು ಮತ್ತು ಒಂದು ಚಿಕ್ಕ ದೋಣಿ

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ವಿನೋನಾ ಎಂಬ ಪುಟ್ಟ ಊರಿದೆ. ಊರಿನ ಬೆನ್ನಿಗೇ ಅಂಟಿಕೊಂಡಂತೆ ಗಾರ್ವಿನ್ ಹೈಟ್ಸ್ ಎಂಬ ಗುಡ್ಡ. ಎತ್ತರ 500 ಅಡಿಗೂ ಹೆಚ್ಚು. ಕಾರು ನೆತ್ತಿಯವರೆಗೂ ಹೋಗುತ್ತದೆ. ಅಲ್ಲಿ ನಿಂತು ನೋಡಿದರೆ ಕೆಳಗೆ ಮಿಸ್ಸಿಸಿಪ್ಪಿ ನದಿ ಕಾಣುತ್ತದೆ. ಕಾಣುತ್ತದೆ ಎನ್ನುವುದಕ್ಕಿಂತ, ಇದರಲ್ಲಿ ನದಿ ಯಾವುದು ಎಂದು ಹುಡುಕಬೇಕಾಗುತ್ತದೆ ಎಂದರೇ ಸರಿ. ಭೂಪಟದಲ್ಲಿ ಒಂದು ನೀಲಿ ಗೆರೆಯಾಗಿ ಎಳೆದು ಮಕ್ಕಳಿಗೆ ತೋರಿಸುತ್ತ ಬಂದ ನದಿ ಇಲ್ಲಿ ಹತ್ತಾರು ಕವಲಾಗಿ, ನಡುವೆ ನೂರಾರು ನಡುಗಡ್ಡೆಗಳನ್ನು ಹಾಕಿಕೊಂಡು, ಕೆಲವೆಡೆ ಕೆರೆಯಂತೆ ನಿಂತು, ಕೆಲವೆಡೆ ಕಾಲುವೆಯಂತೆ ನುಸುಳಿ, ಎರಡೂ ಬದಿಯ ಗುಡ್ಡಗಳ ನಡುವಿನ ಕಣಿವೆಯನ್ನು ಪೂರ್ತಿಯಾಗಿ ತನ್ನದು ಮಾಡಿಕೊಂಡಿದೆ. ಈ ದಡ ಮಿನ್ನೆಸೋಟ, ಆ ದಡ ವಿಸ್ಕಾನ್ಸಿನ್.

ಉತ್ತರದ ಇಟಾಸ್ಕ ಸರೋವರದಲ್ಲಿ ಹುಟ್ಟುವಾಗ ಇದು ಮಕ್ಕಳು ಕಲ್ಲಿನಿಂದ ಕಲ್ಲಿಗೆ ಜಿಗಿದು ದಾಟುವಷ್ಟು ಚಿಕ್ಕ ತೊರೆ. ಮೆಕ್ಸಿಕೋ ಕೊಲ್ಲಿ ಸೇರುವ ಹೊತ್ತಿಗೆ ಹರಿದ ದೂರ ಸುಮಾರು 3,700 ಕಿಲೋಮೀಟರ್. ನಮ್ಮ ಕೃಷ್ಣೆಯ ಎರಡೂವರೆ ಪಟ್ಟಿಗಿಂತಲೂ ಹೆಚ್ಚು ಉದ್ದ.

ನನ್ನ ಅಣ್ಣನ ಮಗ ವಿನೋನಾದಿಂದ ಒಂದು ಗಂಟೆಯ ದಾರಿಯಲ್ಲಿರುವ ರಾಚೆಸ್ಟರ್ ನಗರದಲ್ಲಿ ಹದಿನೈದು ವರ್ಷಗಳಿಂದ ಇದ್ದಾನೆ. ಕಳೆದ ಅಕ್ಟೋಬರಿನಲ್ಲಿ ಒಂದು ತಿಂಗಳು ಅವನ ಮನೆಯಲ್ಲಿದ್ದೆ. ಅವನ ಮಗನಿಗೆ ಈಗ 12 ವರ್ಷ. ಪಕ್ಕದ ಮನೆಯಲ್ಲಿ ನಿವೃತ್ತರಾದ ಹಿರಿಯರೊಬ್ಬರು ಇದ್ದಾರೆ, ನಲವತ್ತು ವರ್ಷಗಳಿಂದ ಬಾತು ಬೇಟೆಯ ಹವ್ಯಾಸ. ಅವರು ಹುಡುಗನನ್ನು, "ಬಂದೂಕು ಮುಟ್ಟುವುದು ಬೇಡ, ದೋಣಿಯಲ್ಲಿ ಕೂತು ಹಕ್ಕಿ ನೋಡು ಬಾ" ಎಂದು ಕರೆದಿದ್ದರು. ಹುಡುಗ ಹಿಡಿದ ಹಟ ಬಿಡಲಿಲ್ಲ. ಅವನ ತಾಯಿ ಸುತರಾಂ ಒಪ್ಪಲಿಲ್ಲ. ಕೊನೆಗೆ ವ್ಯಾಜ್ಯ ನನ್ನ ಮುಂದೆ ಬಂತು. "ಮಾವ, ನೀವು ಸೈನ್ಸ್ ಮೇಷ್ಟ್ರು. ಒಂದು ಸಲ ಆ ದೋಣಿ ನೋಡಿಕೊಂಡು ಬನ್ನಿ. ನೀವು ಹ್ಞೂ ಅಂದರೆ ಕಳಿಸ್ತೀನಿ" ಎಂದಳು. ನಾನು ಸಸ್ಯಾಹಾರಿ, ಬೇಟೆಯ ವಿಷಯದಲ್ಲಿ ನನಗೆ ಆಸಕ್ತಿಯಿಲ್ಲ. ಆದರೆ ಹುಡುಗನನ್ನು ನೀರಿಗೆ ಕಳಿಸುವ ಮಾತಾದ್ದರಿಂದ ಒಪ್ಪಿಕೊಂಡೆ.

ಇಲ್ಲಿಗೆ ಇಷ್ಟೊಂದು ಬಾತುಗಳು ಏಕೆ ಬರುತ್ತವೆ ಎಂಬುದನ್ನು ಮೊದಲು ಹೇಳಬೇಕು. ಕೆನಡಾದ ಕಡೆಯ ಜೌಗು ಪ್ರದೇಶಗಳಲ್ಲಿ ಮರಿ ಮಾಡಿದ ನೀರುಹಕ್ಕಿಗಳು ಚಳಿಗಾಲಕ್ಕೆ ಮುನ್ನ ದಕ್ಷಿಣಕ್ಕೆ ಹೊರಡುತ್ತವೆ. ಮಿಸ್ಸಿಸಿಪ್ಪಿ ಕಣಿವೆ ಅವಕ್ಕೆ ಹೆದ್ದಾರಿ ಇದ್ದಂತೆ. 1930ರ ದಶಕದಲ್ಲಿ ಹಡಗು ಸಂಚಾರಕ್ಕೆ ಕನಿಷ್ಠ 9 ಅಡಿ ಆಳ ಇರಬೇಕೆಂದು ಈ ನದಿಗೆ ಸಾಲಾಗಿ ಅಣೆಕಟ್ಟುಗಳನ್ನು ಕಟ್ಟಿದರು. ಒಂದೊಂದು ಅಣೆಕಟ್ಟಿನ ಹಿಂದೆಯೂ ತಗ್ಗಿನ ಕಾಡು, ಹುಲ್ಲುಗಾವಲು ಮುಳುಗಿ ಆಳವಿಲ್ಲದ ವಿಶಾಲ ಹಿನ್ನೀರು ನಿಂತಿತು. ಅದರಲ್ಲಿ ಬೆಳೆಯುವ ನೀರುಹುಲ್ಲಿನ ಗೆಡ್ಡೆಗಳೆಂದರೆ ಕ್ಯಾನ್ವಾಸ್‌ಬ್ಯಾಕ್ ಎಂಬ ಬಾತಿಗೆ ಪ್ರಾಣ. ಮುಳುಗಿ, ಕೆಸರಿನಿಂದ ಗೆಡ್ಡೆ ಕಿತ್ತು ತಿಂದು, ಕೊಬ್ಬು ತುಂಬಿಕೊಂಡು ಮುಂದಿನ ಪ್ರಯಾಣಕ್ಕೆ ಸಿದ್ಧವಾಗುತ್ತದೆ. ವಬಾಷಾ ಎಂಬ ಊರಿನಿಂದ ಇಲಿನಾಯ್ ರಾಜ್ಯದ ರಾಕ್ ಐಲೆಂಡ್ ತನಕ, ನದಿಯುದ್ದಕ್ಕೂ 420 ಕಿಲೋಮೀಟರ್ ಜಾಗವನ್ನು 1924ರಲ್ಲೇ ವನ್ಯಜೀವಿಗಳ ಆಶ್ರಯತಾಣವೆಂದು ಘೋಷಿಸಿದ್ದಾರೆ.

ಆಶ್ರಯತಾಣದಲ್ಲಿ ಬೇಟೆಯೇ ಎಂದು ನಮ್ಮ ಓದುಗರು ಹುಬ್ಬೇರಿಸಬಹುದು. ನಾನೂ ಏರಿಸಿದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಅಂಥ ಮಾತೇ ಇಲ್ಲ. ಅಲ್ಲಿನ ಲೆಕ್ಕಾಚಾರ ಬೇರೆ. ಕೆಲವು ಭಾಗಗಳನ್ನು ಹಕ್ಕಿಗಳಿಗೇ ಮೀಸಲಿಟ್ಟು, ಉಳಿದೆಡೆ ಇಂತಿಷ್ಟೇ ದಿನ, ದಿನಕ್ಕೆ ಇಂತಿಷ್ಟೇ ಹಕ್ಕಿ ಎಂದು ಬೇಟೆಗೆ ಬಿಡುತ್ತಾರೆ. ಹದಿನಾರು ದಾಟಿದ ಬೇಟೆಗಾರನೆಲ್ಲ 25 ಡಾಲರಿನ 'ಡಕ್ ಸ್ಟ್ಯಾಂಪ್' ಕೊಳ್ಳಬೇಕು. 1934ರಿಂದ ಇರುವ ಈ ಪದ್ಧತಿಯ ಹಣದ ಬಹುಪಾಲು ಜೌಗು ಪ್ರದೇಶಗಳನ್ನು ಕೊಂಡು ಉಳಿಸುವುದಕ್ಕೇ ಹೋಗುತ್ತದೆ. ಕೆಸರಿನಲ್ಲಿ ಬಿದ್ದ ಸೀಸದ ಚರೆಗಳನ್ನು ನುಂಗಿ ಹಕ್ಕಿಗಳು ವಿಷವೇರಿ ಸಾಯುತ್ತಿದ್ದುದರಿಂದ 1991ರಿಂದ ನೀರುಹಕ್ಕಿಯ ಬೇಟೆಗೆ ಸೀಸ ನಿಷಿದ್ಧ. ಇದು ಸರಿಯೋ ತಪ್ಪೋ ಎಂಬ ಚರ್ಚೆಗೆ ಇನ್ನೊಂದು ಲೇಖನವೇ ಬೇಕು. ನನಗೆ ಒಪ್ಪಿಸಿದ ಕೆಲಸ ದೋಣಿ ನೋಡುವುದು.

ದೋಣಿ ಇದ್ದದ್ದು ಮನೆಯ ಮುಂದಿನ ಶೆಡ್ಡಿನಲ್ಲಿ, ಕಾರಿನ ಹಿಂದೆ ಎಳೆಯುವ ಗಾಡಿಯ ಮೇಲೆ. ಅಲ್ಯೂಮಿನಿಯಂ ತಗಡಿನದು, 14 ಅಡಿ ಉದ್ದ, ಚಪ್ಪಟೆ ತಳ, ಒಣಹುಲ್ಲಿನ ಬಣ್ಣ. ಹಿಂದೆ ಒಂದು ಮೋಟಾರು. ನೋಡಿದರೆ ನಮ್ಮ ಮದುವೆ ಮನೆಯ ಕೊಪ್ಪರಿಗೆಯನ್ನು ಉದ್ದಕ್ಕೆ ಎಳೆದಂತಿತ್ತು. ಒಳಬದಿಯಲ್ಲಿ ಅಂಗೈಯಗಲದ ಒಂದು ಫಲಕ ಅಂಟಿಸಿದ್ದರು: ಎಷ್ಟು ಜನ ಕೂರಬಹುದು, ಜನ, ಸಾಮಾನು, ಮೋಟಾರು ಸೇರಿ ಎಷ್ಟು ತೂಕ ಹೊರಬಹುದು, ಎಷ್ಟು ಅಶ್ವಶಕ್ತಿಯ ಮೋಟಾರು ಹಾಕಬಹುದು ಎಂದು. 20 ಅಡಿಗಿಂತ ಚಿಕ್ಕ ಮೋಟಾರು ದೋಣಿ ತಯಾರಿಸುವವರು ಈ ಫಲಕ ಹಾಕಲೇಬೇಕೆಂಬ ಕಾನೂನು ಅಲ್ಲಿ 1970ರ ದಶಕದಿಂದ ಇದೆ. ಕೂರುವ ಹಲಗೆಗಳ ಒಳಗೆ ಥರ್ಮೋಕೋಲಿನಂಥ ಹಗುರ ವಸ್ತು ತುಂಬಿರುತ್ತಾರೆ. ದೋಣಿಗೆ ಪೂರ್ತಿ ನೀರು ನುಗ್ಗಿದರೂ ಅದು ತಳಕ್ಕೆ ಹೋಗದೆ ತೇಲುತ್ತಿರಲಿ ಎಂದು. ಮಗುಚಿದಾಗ ದಡ ಹತ್ತಿರವಿದೆ ಎಂದು ಈಜಲು ಹೊರಡಬೇಡಿ, ದೋಣಿಯನ್ನೇ ಹಿಡಿದುಕೊಳ್ಳಿ ಎಂದು ಹೇಳುವುದು ಈ ಕಾರಣಕ್ಕೆ.

ಫಲಕದ ತೂಕದ ಅಂಕಿ ಎಲ್ಲಿಂದ ಬರುತ್ತದೆ? ಎಂಟನೆಯ ತರಗತಿಯ ಆರ್ಕಿಮಿಡೀಸ್ ತತ್ವ ಸಾಕು. ಅಂಥ ದೋಣಿ ನೀರಿನ ಮೇಲೆ ಸುಮಾರು 4 ಚದರ ಮೀಟರ್ ಜಾಗ ಹಿಡಿಯುತ್ತದೆ ಎನ್ನೋಣ. ಅದು ಒಂದು ಸೆಂಟಿಮೀಟರ್ ಕೆಳಗಿಳಿದರೆ ಪಕ್ಕಕ್ಕೆ ಸರಿಯುವ ನೀರು 40 ಲೀಟರ್, ಎಂದರೆ 40 ಕಿಲೋ. ಆದ್ದರಿಂದ ಪ್ರತಿ 40 ಕಿಲೋ ಹೇರಿದಾಗಲೂ ಒಂದು ಸೆಂಟಿಮೀಟರ್ ಮುಳುಗಡೆ. ಹುಡುಗನಿಗೆ ಕಾಗದ ಪೆನ್ಸಿಲ್ ಕೊಟ್ಟು ಕೂರಿಸಿದೆ. ದಪ್ಪ ಉಡುಪು ತೊಟ್ಟ ಇಬ್ಬರು ದೊಡ್ಡವರು 180 ಕಿಲೋ, ನಾಯಿ 30, ಮೋಟಾರು ಇಂಧನ 60, ನೀರಿನಲ್ಲಿ ತೇಲಿಬಿಡುವ ಪ್ಲಾಸ್ಟಿಕ್ ಬಾತುಗಳ ಮೂಟೆ 40, ಬಂದೂಕು ಬುತ್ತಿ 20, ದೋಣಿಯ ಸ್ವಂತ ತೂಕ 100. ಒಟ್ಟು 430 ಕಿಲೋ. ಸುಮಾರು 11 ಸೆಂಟಿಮೀಟರ್. "ಇಷ್ಟೇನಾ?" ಎಂದ ಹುಡುಗ. ಇಷ್ಟೇ, ನೀರು ಅಲುಗಾಡದಿದ್ದರೆ. ಗಾಳಿ ಬೀಸಿ ಒಂದೊಂದೇ ಅಲೆ ಒಳಕ್ಕೆ ಚೆಲ್ಲತೊಡಗಿದರೆ ಒಳಗೆ ನಿಂತ ಒಂದು ಸೆಂಟಿಮೀಟರ್ ನೀರೂ ಮತ್ತೆ 40 ಕಿಲೋ. ಅದೂ ಒಂದೆಡೆ ಸುಮ್ಮನೆ ಕೂರುವ ತೂಕವಲ್ಲ. ದೋಣಿ ಬಲಕ್ಕೆ ವಾಲಿದರೆ ಆ ನೀರೂ ಬಲಕ್ಕೇ ಓಡುತ್ತದೆ, ವಾಲಿದ ದೋಣಿಯನ್ನು ಇನ್ನಷ್ಟು ವಾಲಿಸುತ್ತದೆ. ಆ ಹೊತ್ತಿಗೆ ಯಾರಾದರೂ ಎದ್ದು ನಿಂತರೆ, ಇಲ್ಲವೆ ನಾಯಿ ಒಂದು ಬದಿಗೆ ಜಿಗಿದರೆ, ಮುಗಿಯಿತು. ಹಕ್ಕಿ ಬಂದಾಗ ಎದ್ದು ನಿಂತು ಗುಂಡು ಹಾರಿಸುವ ಆತುರವೇ ಬಾತು ಬೇಟೆಗಾರರ ದೋಣಿಗಳಿಗೆ ದೊಡ್ಡ ಶತ್ರು ಎಂದು ಯಜಮಾನರು ಹೇಳಿದರು.

ಮೊದಲು ನನ್ನನ್ನು ಹಗಲು ಹೊತ್ತಿನಲ್ಲಿ, ಬೇಟೆಯಿಲ್ಲದೆ, ನದಿ ತೋರಿಸಲು ಕರೆದುಕೊಂಡು ಹೋದರು. ದೋಣಿ ನೀರಿಗಿಳಿಸುವ ಇಳಿಜಾರಿನಲ್ಲೇ, ಇನ್ನೂ ನೆಲದ ಮೇಲಿರುವಾಗಲೇ, ಲೈಫ್ ಜಾಕೆಟ್ ತೊಡಿಸಿ ಬಕ್ಕಲ್ ಎಳೆದು ನೋಡಿದರು. ನನ್ನ ಹೆಗಲ ಪಟ್ಟಿ ಹಿಡಿದು ಮೇಲಕ್ಕೆತ್ತಿ, ಅದು ಕಿವಿಯ ತನಕ ಬರುವುದಿಲ್ಲ ಎಂದು ಖಾತ್ರಿ ಮಾಡಿಕೊಂಡರು. ಶಾಲೆಗೆ ಹೋಗುವ ಮಗುವಿಗೆ ತಾಯಿ ಗುಂಡಿ ಹಾಕಿದಂತೆ. ನನಗೆ ನಗು ಬಂತು, ಅವರಿಗೆ ಬರಲಿಲ್ಲ. ಅಮೆರಿಕದ ಕರಾವಳಿ ರಕ್ಷಣಾ ಪಡೆ ಪ್ರತಿ ವರ್ಷ ಪ್ರಕಟಿಸುವ ವಿಹಾರ ದೋಣಿಗಳ ಅಪಘಾತದ ಅಂಕಿಅಂಶಗಳಲ್ಲಿ, ಮುಳುಗಿ ಸತ್ತವರ ಪೈಕಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿ ಲೈಫ್ ಜಾಕೆಟ್ ತೊಟ್ಟಿರುವುದಿಲ್ಲ. ಎಷ್ಟೋ ದೋಣಿಗಳಲ್ಲಿ ಜಾಕೆಟ್ ಇರುತ್ತದೆ, ಕೂರುವ ಹಲಗೆಯ ಕೆಳಗೆ. ದೋಣಿ ಮಗುಚುವುದಕ್ಕೆ ಎರಡು ಸೆಕೆಂಡು ಸಾಕು. ನೀರಿನಲ್ಲಿ ಬಿದ್ದ ಮೇಲೆ ಜಾಕೆಟ್ ಹುಡುಕಿ ತೊಡುವುದು, ಬಸ್ಸು ಡಿಕ್ಕಿಯಾದ ಮೇಲೆ ಬ್ರೇಕ್ ಹುಡುಕಿದ ಹಾಗೆ.

ಜಾಕೆಟ್ ನಮ್ಮನ್ನು ಪೂರ್ತಿ ಹೊರಬೇಕಾಗಿಲ್ಲ ಎಂಬುದನ್ನು ಮಕ್ಕಳು ತಿಳಿದಿರಲಿ. ನೀರಿನಲ್ಲಿ ಮನುಷ್ಯನ ದೇಹ ಬಹುಮಟ್ಟಿಗೆ ತಾನೇ ತೇಲುತ್ತದೆ. ತಲೆಯನ್ನು ನೀರಿನ ಮೇಲೆ ಹಿಡಿಯಲು ದೊಡ್ಡವರಿಗೂ ನಾಲ್ಕೈದು ಕಿಲೋದಷ್ಟು ಮೇಲ್ಮುಖ ಒತ್ತಾಸೆ ಇದ್ದರೆ ಸಾಕು. ಸಾಮಾನ್ಯ ಜಾಕೆಟ್ ಸುಮಾರು 7 ಕಿಲೋದಷ್ಟು ಕೊಡುತ್ತದೆ. ಬಾತು ಬೇಟೆಗಾರರು ಎದೆಯವರೆಗೆ ಬರುವ ರಬ್ಬರಿನ ಷರಾಯಿ ಹಾಕುತ್ತಾರೆ. ಅದರೊಳಗೆ ನೀರು ತುಂಬಿದರೆ ಕಲ್ಲು ಕಟ್ಟಿದಂತೆ ಕೆಳಗೆಳೆಯುತ್ತದೆ ಎಂಬ ನಂಬಿಕೆ ಅಲ್ಲೂ ಬಲವಾಗಿದೆ. ಇದು ಸರಿಯಲ್ಲ. ನೀರಿನೊಳಗೆ ನೀರಿಗೆ ತೂಕವಿಲ್ಲ. ಬಾವಿಯಲ್ಲಿ ಮುಳುಗಿದ ಕೊಡ ಹಗುರವಾಗಿ, ನೀರಿನಿಂದ ಮೇಲೆ ಬಂದೊಡನೆ ಭಾರವಾಗುವುದನ್ನು ನೀರು ಸೇದಿದವರೆಲ್ಲ ಬಲ್ಲರು. ಕಷ್ಟವಾಗುವುದು ಹಾಗೆಯೇ, ಹೊರಕ್ಕೆ ಹತ್ತುವಾಗ. ಗಾಬರಿಯಾಗಿ ಕಾಲು ಬಡಿದು ದಣಿಯುವವರೇ ಹೆಚ್ಚು.

ಅಂದು ನೀರಿಗೆ ಥರ್ಮಾಮೀಟರ್ ಇಳಿಬಿಟ್ಟೆ. 11 ಡಿಗ್ರಿ ಸೆಲ್ಷಿಯಸ್. ನಮ್ಮ ಕಾವೇರಿ, ತುಂಗಭದ್ರೆಯಲ್ಲಿ ಮಾಗಿಯಲ್ಲೂ ಕಾಣದ ಚಳಿ. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಎಂಬ ವಿಜ್ಞಾನಿ ಈ ವಿಷಯ ತಿಳಿಯಲು ತಾವೇ ಹಲವು ಬಾರಿ ಮಂಜುಗಟ್ಟುವ ನೀರಿಗಿಳಿದವರು. ಒಂದು, ಹತ್ತು, ಒಂದು ಎಂಬ ಅವರ ಸೂತ್ರ ಪ್ರಸಿದ್ಧ. ತಣ್ಣೀರಿಗೆ ಬಿದ್ದ ಮೊದಲ ಒಂದು ನಿಮಿಷ ಉಸಿರು ನಮ್ಮ ಮಾತು ಕೇಳುವುದಿಲ್ಲ. ಏದುಸಿರು ತಾನಾಗಿ ಬರುತ್ತದೆ. ಆ ಕ್ಷಣ ಬಾಯಿ ನೀರಿನ ಕೆಳಗಿದ್ದರೆ ಒಳ್ಳೆಯ ಈಜುಗಾರನೂ ನೀರು ಕುಡಿಯುತ್ತಾನೆ. ಆ ಮೇಲಿನ ಹತ್ತು ನಿಮಿಷ ಕೈಕಾಲು ಹೇಳಿದ ಹಾಗೆ ಕೇಳುತ್ತವೆ. ಮಾಡಬೇಕಾದ್ದನ್ನೆಲ್ಲ ಅಷ್ಟರಲ್ಲೇ ಮಾಡಿಕೊಳ್ಳಬೇಕು. ಬಳಿಕ ಬೆರಳು ಮಡಚುವುದಿಲ್ಲ. ಮೈಯ ಒಳಗಿನ ಬಿಸಿ ಇಳಿದು ಪ್ರಜ್ಞೆ ತಪ್ಪಲು ಸುಮಾರು ಒಂದು ಗಂಟೆ ಬೇಕು. ಆದರೆ ಆ ಗಂಟೆ ಸಿಗುವುದು ಜಾಕೆಟ್ ತೊಟ್ಟವನಿಗೆ ಮಾತ್ರ. ಉಳಿದವರು ಚಳಿಗಿಂತ ಮೊದಲೇ ನೀರಿಗೆ ಸೋಲುತ್ತಾರೆ. ಗಾಳಿಗಿಂತ ನೀರು ಸುಮಾರು 25 ಪಟ್ಟು ಬೇಗ ಮೈಯ ಶಾಖ ಸೆಳೆಯುತ್ತದೆ. ಆದ್ದರಿಂದ ದೋಣಿ ಬೋರಲಾದರೂ ಅದರ ಬೆನ್ನೇರಿ ಆದಷ್ಟು ಮೈಯನ್ನು ನೀರಿನಿಂದ ಹೊರಗಿಡಬೇಕು.

ಕವಲಿನಿಂದ ಮುಖ್ಯ ಹರಿವಿಗೆ ಬಂದಾಗ ನಿಜವಾದ ಮಿಸ್ಸಿಸಿಪ್ಪಿ ಕಂಡಿತು. ಮೂರು ಸಾಲು, ಸಾಲಿಗೆ ಐದರಂತೆ 15 ಬಾರ್ಜುಗಳನ್ನು ಉಕ್ಕಿನ ಹಗ್ಗದಿಂದ ಒಂದಾಗಿ ಬಿಗಿದು, ಹಿಂದಿನಿಂದ ಒಂದು ಹಡಗು ತಳ್ಳಿಕೊಂಡು ಬರುತ್ತಿತ್ತು. ಹೊಸ ಬೆಳೆಯ ಜೋಳ, ಸೋಯಾ ತುಂಬಿಕೊಂಡು ದಕ್ಷಿಣಕ್ಕೆ ಹೊರಟದ್ದು. ಇಡೀ ಸಮೂಹದ ಉದ್ದ ಸುಮಾರು 1,200 ಅಡಿ. ಒಂದೊಂದು ಬಾರ್ಜಿನಲ್ಲೂ 1,500 ಟನ್ನು. ಅಣೆಕಟ್ಟಿನ ಪಕ್ಕದ ಲಾಕ್ ಎಂಬ ನೀರಿನ ತೊಟ್ಟಿಯ ಉದ್ದ 600 ಅಡಿಯಷ್ಟೇ ಆದ್ದರಿಂದ ಇದನ್ನು ಎರಡು ತುಂಡು ಮಾಡಿ ದಾಟಿಸುತ್ತಾರೆ. ಈ ರಾಶಿ ನಿಲ್ಲಬೇಕೆಂದರೆ ಒಂದೂವರೆ ಕಿಲೋಮೀಟರ್ ಆದರೂ ಬೇಕು. ಚಾಲಕ ಕೂತಿರುವುದು ಹಿಂದೆ. ಮುಂತುದಿಯ ಎದುರಿನ ನೂರಾರು ಅಡಿ ನೀರು ಅವನಿಗೆ ಕಾಣುವುದೇ ಇಲ್ಲ. ಬಾತು ಬೇಟೆಗಾರರು ಹೊರಡುವುದೋ ಬೆಳಗಿನ ಜಾವ ನಾಲ್ಕರ ಕತ್ತಲಲ್ಲಿ. ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿನಿಂದಲೇ ಬೇಟೆಗೆ ಅನುಮತಿಯಿದೆ. ಹುಲ್ಲಿನ ಬಣ್ಣದ ದೋಣಿ, ಹುಲ್ಲಿನ ಬಣ್ಣದ ಉಡುಪು. ಹಕ್ಕಿಗೆ ಕಾಣಬಾರದೆಂದು ಮಾಡಿಕೊಂಡದ್ದು ಹಡಗಿಗೂ ಕಾಣುವುದಿಲ್ಲ. ದೋಣಿಗೆ ಕೆಂಪು, ಹಸಿರು, ಬಿಳಿ ದೀಪ ಹಚ್ಚಿರಬೇಕೆಂಬ ನಿಯಮವನ್ನು ಈ ಕಾರಣಕ್ಕೆ ಕಟ್ಟುನಿಟ್ಟಾಗಿ ಪಾಲಿಸುತ್ತಾರೆ.

ನದಿಯಲ್ಲಿ ಕೆಂಪು, ಹಸಿರು ತೇಲುಗುರುತುಗಳಿವೆ. ಹರಿವಿಗೆ ಎದುರಾಗಿ ಹೋಗುವಾಗ ಕೆಂಪು ಬಲಕ್ಕೆ, ಹಸಿರು ಎಡಕ್ಕೆ. ನಡುವಿನದು ಆಳವಾದ ದಾರಿ. ಆ ದಾರಿ ಬಿಟ್ಟರೆ ನೀರಿನಡಿ ಕಲ್ಲಿನ ಗೋಡೆಗಳು. 19ನೆಯ ಶತಮಾನದ ಕೊನೆಯಲ್ಲಿ, ಅಣೆಕಟ್ಟುಗಳಿಗೂ ಮೊದಲು, ಹರಿವನ್ನು ನಡುವಿಗೆ ತಳ್ಳಿ ಆಳ ಹೆಚ್ಚಿಸಲು ದಡದಿಂದ ಅಡ್ಡಕ್ಕೆ ಕಲ್ಲು, ಮರದ ಸೊಪ್ಪಿನ ಕಂತೆ ಹಾಕಿ ಕಟ್ಟಿದವು. ಅಣೆಕಟ್ಟಿನ ನೀರು ಏರಿದಾಗ ಅವು ಮುಳುಗಿದವು, ಹೋಗಲಿಲ್ಲ. ಯಜಮಾನರು ಮೋಟಾರಿನ ವೇಗ ತಗ್ಗಿಸಿ ನೀರಿನ ಮೇಲೊಂದು ಗೆರೆ ತೋರಿಸಿದರು. ಸುತ್ತ ನೀರು ನಯವಾಗಿದ್ದರೂ ಅಲ್ಲಿ ಮಾತ್ರ ಸಣ್ಣ ಸುಕ್ಕು. ಗೋಡೆ ಹತ್ತಿ ಇಳಿದ ನೀರು ಸ್ವಲ್ಪ ಮುಂದೆ ಹೋಗಿ ಸುಕ್ಕಾಗುತ್ತದೆ. ಆದ್ದರಿಂದ ಗೋಡೆ ಇರುವುದು ಸುಕ್ಕಿನ ಕೆಳಗಲ್ಲ, ಅದಕ್ಕಿಂತ ತುಸು ಹಿಂದೆ. ವೇಗವಾಗಿ ಬಂದು ಇದಕ್ಕೆ ಬಡಿದರೆ ದೋಣಿ ನಿಲ್ಲುತ್ತದೆ, ಒಳಗಿನವರು ನಿಲ್ಲುವುದಿಲ್ಲ. ನ್ಯೂಟನ್ನನ ಮೊದಲ ನಿಯಮ. ಚಾಲಕ ನೀರಿಗೆ ಬಿದ್ದು, ಯಜಮಾನನಿಲ್ಲದ ದೋಣಿ ಸುತ್ತು ಹೊಡೆದು ಅವನ ಮೇಲೆಯೇ ಬರುವುದುಂಟು. ಅದಕ್ಕೆಂದೇ ಚಾಲಕನ ಮೈಗೂ ಎಂಜಿನ್ನಿನ ಗುಂಡಿಗೂ ಒಂದು ದಾರ. ಅವನು ಬಿದ್ದರೆ ದಾರ ಕಿತ್ತು ಎಂಜಿನ್ ನಿಲ್ಲುತ್ತದೆ. ಇಂಥ ಗುಂಡಿ ಇರುವ ಸಣ್ಣ ದೋಣಿಗಳಲ್ಲಿ ದಾರ ಕಟ್ಟಿಕೊಳ್ಳುವುದನ್ನು 2021ರ ಏಪ್ರಿಲ್ 1ರಿಂದ ಕಡ್ಡಾಯ ಮಾಡಿದ್ದಾರೆ.

ಮನೆಗೆ ಬಂದು ನಾನು ಹ್ಞೂ ಎಂದೆ. ಆದರೆ ಹೋಗಬೇಕಿದ್ದ ಶನಿವಾರ ಬೆಳಗಿನ ಜಾವ ಮೂರೂವರೆಗೆ ಯಜಮಾನರೇ ಫೋನು ಮಾಡಿ ಇವತ್ತು ಬೇಡ ಎಂದರು. ಹೊರಗೆ ಗಾಳಿಯಿರಲಿಲ್ಲ, ಆಕಾಶದಲ್ಲಿ ನಕ್ಷತ್ರಗಳಿದ್ದವು. ಹತ್ತರ ನಂತರ ಗಾಳಿ ಏಳುತ್ತದೆಂದು ಹವಾಮಾನ ವರದಿಯಲ್ಲಿತ್ತಂತೆ. ಹುಡುಗ ಮುಖ ಊದಿಸಿಕೊಂಡ. ಸಂಜೆ ಬೇಲಿಯಾಚೆ ನಿಂತು ಆ ಹಿರಿಯರು ಅವನಿಗೆ 1940ರ ಕತೆ ಹೇಳಿದರು. ಅವರು ಹುಟ್ಟುವ ಮೊದಲಿನದು. ಅವರ ತಂದೆಯಿಂದ ಕೇಳಿದ್ದು. ಆ ಕಣಿವೆಯಲ್ಲಿ ಇಂದಿಗೂ ಅದನ್ನು ಹೇಳದ ಮನೆಯಿಲ್ಲ.

1940ರ ನವೆಂಬರ್ 11, ಸೋಮವಾರ. ಮೊದಲನೆಯ ಮಹಾಯುದ್ಧ ಮುಗಿದ ದಿನದ ನೆನಪಿನ ರಜೆ. ನವೆಂಬರ್ ತಿಂಗಳಿಗೆ ಅಪರೂಪವಾದ ಹಿತವಾದ ಬೆಳಗು. ಅನೇಕ ಕಡೆ ಹತ್ತು ಡಿಗ್ರಿಗೂ ಮೇಲೆ. ರಜೆ ಸಿಕ್ಕಿತೆಂದು ನೂರಾರು ಜನ ತೆಳು ಕೋಟು ಹಾಕಿಕೊಂಡು ಚಿಕ್ಕ ದೋಣಿಗಳಲ್ಲಿ ನಡುಗಡ್ಡೆಗಳಿಗೆ ಹೋದರು. ಬಾತುಗಳು ಬಂದವು. ಎಂದೂ ಕಾಣದಷ್ಟು, ಗುಂಪು ಗುಂಪಾಗಿ, ಕೆಳಕ್ಕೆ ಹಾರುತ್ತ ಬಂದವು. ಹಕ್ಕಿಗಳು ಬಿರುಗಾಳಿಗೆ ಹೆದರಿ ಅದರ ಮುಂದೆ ಓಡಿಬರುತ್ತಿದ್ದವು. ಮನುಷ್ಯರಿಗೆ ಮಾತ್ರ ಬೇಟೆ ಚೆನ್ನಾಗಿದೆ ಎನಿಸಿತು. ಎರಡೂ ಕಡೆ ಗುಡ್ಡಗಳಿರುವ ಕಣಿವೆಯಲ್ಲಿ ದಿಗಂತ ಕಾಣುವುದಿಲ್ಲ. ಪಶ್ಚಿಮದಲ್ಲಿ ಏರಿ ಬರುತ್ತಿದ್ದ ಮೋಡ ನೆತ್ತಿಗೆ ಬಂದ ಮೇಲೆಯೇ ಕಂಡದ್ದು. ಮೊದಲು ಮಳೆ ಬಿದ್ದು ಬಟ್ಟೆ ನೆನೆಯಿತು. ಬಳಿಕ ಆಲಿಕಲ್ಲಿನಂಥ ಹಿಮ. ಆಮೇಲೆ ಗಂಟೆಗೆ 80 ಕಿಲೋಮೀಟರ್ ಮೀರಿದ ಗಾಳಿ, ಕಣ್ಣು ಬಿಡಲಾಗದಷ್ಟು ಹಿಮಪಾತ. ಹಿನ್ನೀರಿನಲ್ಲಿ ಎದ್ದ ಅಲೆಗಳಲ್ಲಿ 14 ಅಡಿಯ ದೋಣಿ ಮರಳುವುದು ಸಾಧ್ಯವಿರಲಿಲ್ಲ.

ಹೊರಟವರಲ್ಲಿ ಕೆಲವರ ದೋಣಿ ಮಗುಚಿತು. ನಡುಗಡ್ಡೆಯಲ್ಲೇ ಉಳಿದವರು ದೋಣಿಯನ್ನು ಬೋರಲು ಹಾಕಿ ಅದರಡಿ ಮುದುಡಿದರು. ರಾತ್ರಿಯಿಡೀ ಓಡಾಡುತ್ತ, ಒಬ್ಬರನ್ನೊಬ್ಬರು ಗುದ್ದಿ ಎಬ್ಬಿಸುತ್ತ ಇದ್ದವರಲ್ಲಿ ಬದುಕಿದವರುಂಟು. ಒದ್ದೆ ಬಟ್ಟೆಯಲ್ಲಿ ನಿದ್ದೆಗೆ ಜಾರಿದವರು ಏಳಲಿಲ್ಲ. ಬೆಳಗಾಗುವ ಹೊತ್ತಿಗೆ ಉಷ್ಣತೆ ಸೊನ್ನೆಗಿಂತ ಹತ್ತು ಡಿಗ್ರಿಗೂ ಕೆಳಗಿಳಿದಿತ್ತು. ಇಡೀ ಪ್ರದೇಶದಲ್ಲಿ ಸತ್ತವರು 150ರ ಆಸುಪಾಸು. ಮಿನ್ನೆಸೋಟ ರಾಜ್ಯದಲ್ಲಿ 49 ಜನ, ಅವರಲ್ಲಿ ಸುಮಾರು ಅರ್ಧದಷ್ಟು ಬಾತು ಬೇಟೆಗಾರರು. ತಂದೆ ಮಕ್ಕಳು ಜೊತೆಯಾಗಿ ಹೋದವರು ಅದರಲ್ಲಿದ್ದರು.

ಮರುದಿನ ವಿನೋನಾದ ಮ್ಯಾಕ್ಸ್ ಕಾನ್ರಾಡ್ ಎಂಬ ವಿಮಾನ ಚಾಲಕ, ಗಾಳಿ ಇನ್ನೂ ಬೀಸುತ್ತಿರುವಾಗಲೇ, ತನ್ನ ಚಿಕ್ಕ ಪೈಪರ್ ಕಬ್ ವಿಮಾನ ಏರಿದ. ನಡುಗಡ್ಡೆಗಳ ಮೇಲೆ ತಗ್ಗಿನಲ್ಲಿ ಹಾರುತ್ತ ಜೀವಂತ ಇದ್ದವರನ್ನು ಹುಡುಕಿದ. ಬ್ರೆಡ್ಡು, ಬೆಂಕಿಪೊಟ್ಟಣ ತುಂಬಿದ ಡಬ್ಬಿಗಳನ್ನು ಕೆಳಗೆ ಹಾಕಿದ. ರಕ್ಷಣೆಗೆ ಹೊರಟ ದೋಣಿಗಳಿಗೆ ಮೇಲೆ ಸುತ್ತು ಹೊಡೆದು ಜಾಗ ತೋರಿಸಿದ. ವಿನೋನಾದ ವಿಮಾನ ನಿಲ್ದಾಣಕ್ಕೆ ಈಗ ಅವನದೇ ಹೆಸರು. ಆಗ ಆ ಪ್ರದೇಶದ ಹವಾಮಾನ ಮುನ್ಸೂಚನೆ ದೂರದ ಶಿಕಾಗೋದಿಂದ ಬರಬೇಕಿತ್ತು. ಈ ದುರಂತದ ಬಳಿಕ ಮಿನ್ನೆಸೋಟದ ಕಚೇರಿಯೇ ಮುನ್ಸೂಚನೆ ಕೊಡುವ ಏರ್ಪಾಡಾಯಿತು. ಕತೆ ಮುಗಿಸಿ ಆ ಹಿರಿಯರು, "ಬಾತು ಹೆಚ್ಚು ಬಂದ ದಿನ ನಾನು ಮೊದಲು ಆಕಾಶ ನೋಡುತ್ತೇನೆ" ಎಂದರು. ಹುಡುಗ ಮಾತಾಡಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಮಾತ್ರ, "ಚಿಕ್ಕಜ್ಜ, ಅವರ ಹತ್ರ ಫೋನ್ ಇರಲಿಲ್ವಾ?" ಎಂದು ಕೇಳಿದ.

ಫೋನು ಈಗ ಎಲ್ಲರ ಬಳಿ ಇದೆ. ಆದರೆ ನೀರಿಗೆ ಬಿದ್ದ ಫೋನು, ಮರಗಟ್ಟಿದ ಬೆರಳು, ಗುಡ್ಡಗಳ ನಡುವೆ ಸಿಗದ ಸಿಗ್ನಲ್. ಅದಕ್ಕೇ ಯಜಮಾನರು ಹೊರಡುವ ಮುನ್ನ ಒಂದು ಚೀಟಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತಾರೆ: ಎಲ್ಲಿ ದೋಣಿ ಇಳಿಸುತ್ತೇನೆ, ಯಾವ ನಡುಗಡ್ಡೆ, ಯಾರು ಯಾರು, ಎಷ್ಟು ಗಂಟೆಗೆ ವಾಪಸ್ಸು, ಬಾರದಿದ್ದರೆ ಎಷ್ಟು ಗಂಟೆಗೆ ಪೊಲೀಸರಿಗೆ ಫೋನು ಮಾಡಬೇಕು. ಮುಂದಿನ ಶನಿವಾರದ ಚೀಟಿಯ ಒಂದು ಪ್ರತಿಯನ್ನು ಹುಡುಗನ ತಾಯಿಗೆ ಕೊಟ್ಟರು. ನಾನೂ ಹೋದೆ. ಮಂಜು ಹೊಗೆಯಾಡುವ ನೀರಿನ ಮೇಲೆ ಬೆಳಕು ಹರಿಯುವಾಗ ಸಾವಿರಾರು ಬಾತುಗಳು ಒಮ್ಮೆಗೇ ಎದ್ದದ್ದನ್ನು ನೋಡಿದೆವು. ರೆಕ್ಕೆಯ ಸದ್ದು ದೂರದ ಮಳೆಯಂತೆ. ಯಜಮಾನರು ಎರಡು ಹಕ್ಕಿ ಹೊಡೆದರು. ಅದನ್ನು ಹುಡುಗ ನೋಡಿದ, ನಾನು ಬೇರೆ ಕಡೆ ನೋಡಿದೆ. ಒಂಬತ್ತಕ್ಕೆ ದಡದಲ್ಲಿದ್ದೆವು. ಚೀಟಿಯಲ್ಲಿ ಹತ್ತು ಎಂದಿತ್ತು.

ನಮ್ಮ ನಾಡಿನಲ್ಲೂ ಚಳಿಗಾಲಕ್ಕೆ ದೂರದ ಹಕ್ಕಿಗಳು ಬರುತ್ತವೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳ ಗದಗ ಜಿಲ್ಲೆಯ ಮಾಗಡಿ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿದೆ. ಅಲ್ಲಿ ದಡದಲ್ಲೇ ನಿಂತು ನೋಡಿದರಾಯಿತು. ಆದರೆ ಹಂಪಿ, ತಲಕಾಡು ಎಂದು ಪ್ರವಾಸ ಹೊರಟ ಮಕ್ಕಳು ಹರಿಗೋಲು ಕಂಡರೆ ಬಿಡುವುದಿಲ್ಲ. ಎರಡು ಮೀಟರ್ ಅಡ್ಡಳತೆಯ ಹರಿಗೋಲು 3 ಚದರ ಮೀಟರಿಗೆ ತುಸು ಹೆಚ್ಚು. ಪ್ರತಿ 31 ಕಿಲೋಗೆ ಒಂದು ಸೆಂಟಿಮೀಟರ್ ಮುಳುಗುತ್ತದೆ. ಇನ್ನೂ ಇಬ್ಬರು ಬನ್ನಿ, ಜಾಗ ಇದೆ ಎನ್ನುವ ಅಂಬಿಗನಿಗೆ ಅಂಚು ನೀರಿನಿಂದ ಎಷ್ಟು ಮೇಲಿದೆ ಎಂದು ಕೇಳುವವರು ಕಡಿಮೆ. ಕೂತವರು ಒಬ್ಬರ ಫೋಟೋ ಒಬ್ಬರು ತೆಗೆಯಲು ಏಳುವುದನ್ನೂ ನೋಡಿದ್ದೇನೆ. ಮೇಲೆ ಅಣೆಕಟ್ಟಿದ್ದರೆ ಇನ್ನೊಂದು ಮಾತು; ಬಾಗಿಲು ತೆರೆದಾಗ ಕೆಳಗಿನ ಹೊಳೆ ಬಿಸಿಲಲ್ಲೂ ಏರುತ್ತದೆ.

2024ರ ಜನವರಿ 18ರಂದು ಗುಜರಾತಿನ ವಡೋದರಾದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮಗುಚಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ತೀರಿಕೊಂಡರು. ಅದು ದೊಡ್ಡ ನದಿಯಲ್ಲ, ಊರಿನೊಳಗಿನ ಕೆರೆ. ಹಿಮವಿಲ್ಲ, ಬಾರ್ಜಿಲ್ಲ. ದೋಣಿಯಲ್ಲಿ ಹೊರಬೇಕಾದ್ದಕ್ಕಿಂತ ಹೆಚ್ಚು ಜನರಿದ್ದರು, ಹಲವರ ಮೈಮೇಲೆ ಜಾಕೆಟ್ ಇರಲಿಲ್ಲ. ಅಂದು ಸ್ಟಾಫ್ ರೂಮಿನಲ್ಲಿ ನಾವ್ಯಾರೂ ಹೆಚ್ಚು ಮಾತಾಡಲಿಲ್ಲ.

ನಮ್ಮ ಶಾಲೆಯ ಪ್ರವಾಸದ ಒಪ್ಪಿಗೆ ಪತ್ರದಲ್ಲಿ ಈ ವರ್ಷ ಎರಡು ಖಾಲಿ ಗೆರೆ ಸೇರಿವೆ: ಮಗುವಿಗೆ ಈಜು ಬರುತ್ತದೆಯೇ, ತೂಕ ಎಷ್ಟು. ಈಜಿನದು ಸರಿ, ತೂಕ ಏಕೆ ಎಂದು ಕೆಲವು ಪೋಷಕರು ಫೋನು ಮಾಡಿ ಕೇಳಿದರು. ದೊಡ್ಡವರ ಜಾಕೆಟ್ ತೊಡಿಸಿದರೆ 25 ಕಿಲೋದ ಮಗು ಅದರ ಕೆಳಗಿನಿಂದ ಜಾರಿಹೋಗುತ್ತದೆ. ಸರಿಯಾದ ಅಳತೆಯವು ಎಷ್ಟು ಬೇಕೆಂದು ದೋಣಿಯವರಿಗೆ ಮುಂಚಿತವಾಗಿ ತಿಳಿಸಲು ಆ ಅಂಕಿ. ಅಷ್ಟು ಜಾಕೆಟ್ ಇಲ್ಲವೆಂದರೆ ದಡದಲ್ಲೇ ಕೂತು ಬುತ್ತಿ ಬಿಚ್ಚುವುದೆಂದು ಮಕ್ಕಳಿಗೆ ಮೊದಲೇ ಹೇಳಿಟ್ಟಿದ್ದೇವೆ.